ಪಡೆದ ಋಣ, ಮರೆತ ನಗೆ

ಯಾವ ಕಲಾವಿದನೂ ಬರಿಗೈಯಿಂದ ಆರಂಭಿಸುವುದಿಲ್ಲ. ಹಿಂದಿನವರಿಂದ ಪಡೆಯುವುದು ಕಲೆಗೆ ಕುಂದಲ್ಲ. ಪಡೆದುದರಿಂದ ಏನು ಮಾಡಿದನೆಂಬುದೇ ವಿಮರ್ಶೆಯ ಪ್ರಶ್ನೆ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಸೀಮೆಯ ವಾಚಕರು ಇದನ್ನು ವಿಶೇಷವಾಗಿ ಪರಿಭಾವಿಸಬೇಕು. ಇಂದಿನ ಕಾದಂಬರಿ, ಸಂಗೀತ, ಕಿರುತೆರೆಯ ಹಾಸ್ಯಗಳು ನೀರು ಸೇದಿದ ಕೆಲವು ಬಾವಿಗಳು ನಮ್ಮ ನೆರೆಯಲ್ಲಿಯೇ ಇವೆ.

ಇರುಳಿನಲ್ಲಿ ದೀಪದ ಕುಡಿಗಳು ಮನೆಮನೆಯಿಂದ ಹೊರಟು ಒಂದೆಡೆ ಕೂಡಿ ಮಾತನಾಡುತ್ತವೆಂಬ ಕಲ್ಪನೆ ನಮ್ಮ ಅಜ್ಜಿಯರ ಕಥೆಗಳಲ್ಲುಂಟು. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು ‘ನಾಗಮಂಡಲ’ ನಾಟಕವನ್ನು ಕಟ್ಟಿದರು; ಅಲ್ಲಿ ಈ ಜ್ಯೋತಿಗಳೇ ಕಥೆಗೆ ಬಾಗಿಲು ತೆರೆಯುತ್ತವೆ. ೧೯೯೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿಯೂ ಜೋತಮ್ಮಂದಿರು ನೆರೆಯುತ್ತಾರೆ. ಮೂಲ ಒಂದೇ, ಫಲ ಬೇರೆ. ಅಲ್ಲಿ ಕಥನದ ಸೊಗಸಾದದ್ದು ಇಲ್ಲಿ ಜಾತಿಯ ಕ್ರೌರ್ಯಕ್ಕೆ ಸಾಕ್ಷಿಯಾಯಿತು. ನಂಜನಗೂಡು ಸೀಮೆಯ ಆಡುಮಾತು ಇಲ್ಲಿ ಗೌರವದ ಪೀಠವನ್ನೇರಿತು.

ಸಂಗೀತದಲ್ಲಿಯೂ ಹೀಗೆಯೇ. ೧೯೯೬ರ ‘ಜನುಮದ ಜೋಡಿ’ ಚಿತ್ರದಲ್ಲಿ ವಿ. ಮನೋಹರ್ ಅವರ ಸಂಗೀತದೊಡನೆ ‘ಕೋಲುಮಂಡೆ ಜಂಗಮ’ನ ಹಾಡು ನಾಡಿನ ಮನೆಮನೆಯನ್ನು ತಲುಪಿತು. ಭಿಕ್ಷೆಗೆ ಬಂದ ಜಂಗಮನ ಗಾಂಭೀರ್ಯ ಚಿತ್ರಮಂದಿರದಲ್ಲಿಯೂ ಕೆಡಲಿಲ್ಲ.

ಹಾಸ್ಯದ ಮಾತು ಬೇರೆ. ಕಾವೇರಿತೀರದ ಕಪ್ಪಡಿಯ ಜಾತ್ರೆಗೆ ಹೋದವರು ನೀಲಗಾರರ ತಂಬೂರಿಯನ್ನು ಕೇಳಿರುತ್ತಾರೆ. ಅವರು ಹಾಡುವ ಮಂಟೇಸ್ವಾಮಿ ಹೇಸಿಗೆಯ ವೇಷದಲ್ಲಿ ಕಲ್ಯಾಣಕ್ಕೆ ಬರುತ್ತಾನೆ. ಶರಣರೆಂದು ಮೆರೆದವರು ಮೂಗು ಮುಚ್ಚಿ ಓಡುತ್ತಾರೆ. ಕೇಳುವವರು ನಗುತ್ತಾರೆ. ಆ ನಗೆ ನಮ್ಮಂಥ ಕಾವಿಧಾರಿಗಳನ್ನೂ ಬಿಡುವುದಿಲ್ಲ, ಬಿಡಲೂ ಬಾರದು. ಡಂಭದ ಮುಖವಾಡವನ್ನು ಕಳಚುವುದೇ ಅದರ ಧರ್ಮ.

ಕಿರುತೆರೆಗೆ ಸಮರ್ಥ ನಟರ ಕೊರತೆಯಿಲ್ಲ. ‘ಕುಸುಮಬಾಲೆ’ಯನ್ನು ರಂಗಕ್ಕೆ ತಂದ ಮೈಸೂರಿನ ರಂಗಾಯಣದಲ್ಲಿ ಪಳಗಿದ ಮಂಡ್ಯ ರಮೇಶ್ ಅವರು ‘ಮಜಾ ಟಾಕೀಸ್’ನಲ್ಲಿ ಲಕ್ಷಾಂತರ ಜನರನ್ನು ನಗಿಸಿದರು. ಕೊರತೆ ಇರುವುದು ನಗೆಯ ಗುರಿಯಲ್ಲಿ. ಇಂದಿನ ಅನೇಕ ಹಾಸ್ಯ ಕಾರ್ಯಕ್ರಮಗಳು ಸ್ಥೂಲಕಾಯದವರನ್ನು, ಕಪ್ಪು ಬಣ್ಣದವರನ್ನು, ಸೀರೆಯುಟ್ಟ ಗಂಡಸನ್ನು, ಹಳ್ಳಿಯ ಉಚ್ಚಾರವನ್ನು ನೆಚ್ಚಿ ನಡೆಯುತ್ತವೆ. ಜನಪದರಿಂದ ಮಾತಿನ ವರಸೆಯನ್ನು ಪಡೆದವರು ಅವರ ಎದೆಗಾರಿಕೆಯನ್ನು ಅಲ್ಲಿಯೇ ಬಿಟ್ಟು ಬಂದರು. ಮಂಟೇಸ್ವಾಮಿಯ ನಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಈ ನಗೆ ಮೇಲಿನಿಂದ ಕೆಳಕ್ಕೆ ಬೀಳುತ್ತದೆ.

ಇದು ಬರಿಯ ರುಚಿಯ ಪ್ರಶ್ನೆಯಲ್ಲ. ತಾಯಿಯ ಮಾತು ಪರದೆಯ ಮೇಲೆ ನಗೆಪಾಟಲಾದುದನ್ನು ದಿನವೂ ಕಂಡ ಮಗು ಶಾಲೆಯಲ್ಲಿ ಆ ಮಾತನ್ನಾಡಲು ನಾಚುತ್ತದೆ. ನಾಚಿಕೊಂಡು ಬಿಟ್ಟ ಮಾತಿನಲ್ಲಿ ಮತ್ತೊಂದು ‘ಕುಸುಮಬಾಲೆ’ ಹುಟ್ಟುವುದೆಂತು?

ಪಡೆದುದನ್ನು ದಾಸೋಹಭಾವದಿಂದ ಹಿಂದಿರುಗಿಸಬೇಕೆಂಬುದು ಶರಣರ ನಿಲುವು. ಕಲೆಗೂ ಅದು ಸಲ್ಲುತ್ತದೆ. ಆದುದರಿಂದ, ಓದುಗರೇ, ಮನೆಮಂದಿಯೆಲ್ಲ ಕುಳಿತು ನಗುವಾಗ ಒಂದು ಕ್ಷಣ ವಿಚಾರಿಸಿರಿ: ಈ ನಗೆ ಯಾರ ಮೇಲೆ ಬೀಳುತ್ತಿದೆ? ಮಕ್ಕಳನ್ನು ಒಮ್ಮೆಯಾದರೂ ನೀಲಗಾರರ ಮುಂದೆ ಕುಳ್ಳಿರಿಸಿರಿ. ಮೂಲವನ್ನು ಕೇಳಿದ ಕಿವಿಗೆ ನಕಲಿನ ಅಪಸ್ವರ ತಾನಾಗಿಯೇ ತಿಳಿಯುತ್ತದೆ.