ಏಳು ದಿನದ ಕಚೇರಿ

ಊರಿನಲ್ಲಿ ರಾಮನವಮಿಯ ಪೆಂಡಾಲು ಎದ್ದು ನಾಲ್ಕು ಕಚೇರಿ ನಡೆದರೆ ಪತ್ರಿಕೆಯಲ್ಲಿ ಅದರ ವಿಮರ್ಶೆ ಬರುತ್ತದೆ. ಹಾಡಿದವರ ಶಾರೀರ ಹೇಗಿತ್ತು, ಸ್ವರಕಲ್ಪನೆ ಎಲ್ಲಿ ಸಡಿಲವಾಯಿತು, ಮೃದಂಗದವರು ಎಷ್ಟು ಹದವಾಗಿ ನುಡಿಸಿದರು ಎಂದು ಬಲ್ಲವರೊಬ್ಬರು ಬರೆಯುತ್ತಾರೆ. ಪೆಂಡಾಲಿನಲ್ಲಿ ಕೂತು ಕೇಳಿದವರು ಇನ್ನೂರೋ ಮುನ್ನೂರೋ ಮಂದಿ. ಅದೇ ಕಲಾವಿದರು ಮುಂದಿನ ವಾರ ರೇಡಿಯೋದಲ್ಲಿ ಅರ್ಧ ಗಂಟೆ ಹಾಡುತ್ತಾರೆ. ಸುತ್ತಲಿನ ಜಿಲ್ಲೆಗಳಿಗೆಲ್ಲ ಕೇಳಿಸುತ್ತದೆ. ಅದರ ಬಗ್ಗೆ ಮಾತ್ರ ಎಲ್ಲೂ ಒಂದು ಸಾಲು ಕಾಣುವುದಿಲ್ಲ. ಚೆನ್ನಾಗಿತ್ತೆಂದೂ ಯಾರೂ ಬರೆಯುವುದಿಲ್ಲ, ಇರಲಿಲ್ಲವೆಂದೂ ಬರೆಯುವುದಿಲ್ಲ.

ಇದಕ್ಕೆ ಕಾರಣ ನನಗೆ ಕಂಡದ್ದು ಇಷ್ಟು. ಕಚೇರಿಗೆ ಹೋಗಿ ಜಮಖಾನೆಯ ಮೇಲೆ ಕೂತು ತಲೆದೂಗಿದವರು ಶ್ರೋತೃಗಳು. ಒಗ್ಗರಣೆ ಹಾಕುತ್ತಾ, ಬಟ್ಟೆ ಮಡಿಸುತ್ತಾ ಕೇಳಿದವರು ಯಾವ ಲೆಕ್ಕಕ್ಕೂ ಇಲ್ಲ. ನಮ್ಮ ಕಿವಿಗೆ ಬಿದ್ದ ತೋಡಿಯೂ ಒಂದೇ, ಕುಕ್ಕರಿನ ಸೀಟಿಯೂ ಒಂದೇ ಎಂದು ಲೋಕ ತಿಳಿದಿದೆ. ಆದರೆ ವರ್ಷಗಟ್ಟಲೆ ಹೀಗೆ ಕೇಳಿದ ಹೆಂಗಸಿಗೆ ಆಲಾಪನೆಯ ಎರಡು ಎಳೆ ಸಾಕು, ರಾಗ ಯಾವುದೆಂದು ಕೈ ಮಾಡುತ್ತಿರುವ ಕೆಲಸ ನಿಲ್ಲಿಸದೆಯೇ ಹೇಳುತ್ತಾಳೆ. ಇದು ಕೇಳ್ಮೆಯಲ್ಲದೆ ಮತ್ತೇನು?

ಹಾಗಾಗಿ ಒಂದು ವಾರ ರೇಡಿಯೋದ ಶಾಸ್ತ್ರೀಯ ಸಂಗೀತವನ್ನು ಒಂದು ಕಚೇರಿಯೆಂದೇ ಭಾವಿಸಿ ಕೇಳಿದೆ. ಮಗಳು ಅರ್ಧ ಬರೆದು ಬಿಟ್ಟ ನೋಟ್‌ಬುಕ್ಕನ್ನು ಕಿಟಕಿಯ ಮೇಲೆ ಇಟ್ಟುಕೊಂಡು ಗುರುತು ಹಾಕಿದೆ. ನಮ್ಮದು ತುಂಗಭದ್ರೆಯ ಸೀಮೆ. ಮೇಲಿನಿಂದ ಧಾರವಾಡದ ಖ್ಯಾಲು, ಕೆಳಗಿನಿಂದ ಮೈಸೂರಿನ ಕೃತಿ, ಎರಡೂ ಇಲ್ಲಿಗೆ ಬರುತ್ತವೆ. ಎರಡು ಮನೆಯ ಊಟ ಉಂಡು ಬೆಳೆದ ನಾಲಿಗೆಯಂತೆ ನಮ್ಮ ಕಿವಿ.

ಸೋಮವಾರ ಬೆಳಿಗ್ಗೆ ಕರ್ನಾಟಕ ಸಂಗೀತ. ಎಳೆಯ ದನಿಯ ಗಾಯಕ, ಬಿಲಹರಿ ರಾಗ. ಆಲಾಪನೆ ಚಿಕ್ಕದಾದರೂ ಚೊಕ್ಕವಾಗಿತ್ತು. ಮೇಲಿನ ಷಡ್ಜಕ್ಕೆ ಹೋಗುವ ಅವಸರ ಇರಲಿಲ್ಲ. ಕೃತಿಯ ಮುಗಿತಾಯದಲ್ಲಿ ಮೃದಂಗದವರು ತನಿ ಆರಂಭಿಸಿ ನಾಲ್ಕು ಆವರ್ತ ನುಡಿಸಿರಬಹುದು, ದನಿ ಮೆಲ್ಲಗೆ ಇಳಿಯಿತು, ಉದ್ಘೋಷಕರ ಮಾತು ಏರಿತು. ಬಡಿಸಿದ ಎಲೆಯ ಮುಂದಿನಿಂದ ಎಬ್ಬಿಸಿದ ಹಾಗಾಯಿತು. ಗಾಯಕನ ಹೆಸರು ಎರಡು ಸಲ ಕೇಳಿಸಿತು. ಪಿಟೀಲು, ಮೃದಂಗದವರ ಹೆಸರು ಮುಂದಿನ ಕಾರ್ಯಕ್ರಮದ ಸೂಚನೆಯೊಳಗೆ ಕರಗಿಹೋಯಿತು.

ಮಂಗಳವಾರ ಹಿಂದೂಸ್ತಾನಿ, ಜೌನಪುರಿ. ಹಾಡಿದಾಕೆಗೆ ಮಂದ್ರದಲ್ಲಿ ಒಳ್ಳೆಯ ತೂಕವಿತ್ತು. ವಿಲಂಬಿತವನ್ನು ಇಪ್ಪತ್ತು ನಿಮಿಷ ಬೆಳೆಸಿ, ಕೊನೆಗೆ ದ್ರುತ್ ಹಾಡಿ ಮುಗಿಸಿದರು. ವೇದಿಕೆಯ ಮೇಲೆ ಒಂದು ಗಂಟೆ ಹರಡಬಹುದಾದ ರಾಗವನ್ನು ಅರ್ಧ ಗಂಟೆಯಲ್ಲಿ ಕೊಡುವುದು ಸುಲಭವಲ್ಲ. ಇದ್ದ ಹಿಟ್ಟಿನಲ್ಲೇ ಎಲ್ಲರಿಗೂ ರೊಟ್ಟಿ ಬಡಿಯುವ ಜಾಣತನ ಅದು. ರೇಡಿಯೋ ನಮ್ಮ ಗಾಯಕರಿಗೆ ಕಲಿಸಿದ ಈ ಮಿತವ್ಯಯವನ್ನು ಯಾವ ವಿಮರ್ಶಕರೂ ಮೆಚ್ಚಿ ಬರೆದದ್ದನ್ನು ನಾನು ಓದಿಲ್ಲ.

ಬುಧವಾರದ್ದು ವೀಣೆ. ಇಡೀ ವಾರದಲ್ಲಿ ನನ್ನ ಮನಸ್ಸು ನಿಂತದ್ದು ಇಲ್ಲಿ. ದೊಡ್ಡ ಸಭಾಂಗಣದಲ್ಲಿ ವೀಣೆ ಬಡವಾಗುತ್ತದೆ. ತಂತಿಯನ್ನು ಎಳೆದು ಹುಟ್ಟಿಸಿದ ಗಮಕ ಮೂರನೆಯ ಸಾಲು ಮುಟ್ಟುವಷ್ಟರಲ್ಲಿ ಆರಿಹೋಗುತ್ತದೆ. ದನಿ ಹೆಚ್ಚಿಸಿದರೆ ಕರ್ಕಶ. ರೇಡಿಯೋದ ಮೈಕು ಹಾಗಲ್ಲ, ಪಕ್ಕದಲ್ಲಿ ಕೂತು ಮಾತಾಡಿಸುವ ಅಕ್ಕನ ಹಾಗೆ. ಧನ್ಯಾಸಿಯ ಒಂದು ಎಳೆತ ಎಲ್ಲಿ ಹುಟ್ಟಿ ಎಲ್ಲಿ ಮುಗಿಯಿತೆಂದು ಅಂದು ಪೂರ್ತಿ ಕೇಳಿಸಿತು. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು (1920–1997) ಬೆಂಗಳೂರು ನಿಲಯದಲ್ಲಿ ಸಂಗೀತ ನಿರ್ಮಾಪಕರಾಗಿದ್ದರು. ಮೈಸೂರಿನ ಆ ಮೆಲುನುಡಿಯ ಬಾನಿಗೆ ಬಾನುಲಿಯಂಥ ಮನೆ ಬೇರೆ ಸಿಗುವುದು ಕಷ್ಟವೆಂದು ಅಂದು ಅನ್ನಿಸಿತು.

ಗುರುವಾರ ಧ್ವನಿಭಂಡಾರದ ಹಳೆಯ ಮುದ್ರಣ. ಬೇರೆ ಯಾರ ಹತ್ತಿರವೂ ಇಲ್ಲದ ಆಸ್ತಿ ಇದು. ಧಾರವಾಡ ನಿಲಯ ಶುರುವಾದದ್ದು 1950ರಲ್ಲಿ. ಮಲ್ಲಿಕಾರ್ಜುನ ಮನ್ಸೂರರು (1910–1992) ಅಲ್ಲಿ ಸಂಗೀತ ಸಲಹೆಗಾರರಾಗಿದ್ದವರು. ಇಂಥ ನಿಲಯಗಳ ಕಪಾಟಿನಲ್ಲಿ ಏನೇನು ಇರಬಹುದೆಂದು ನೆನೆದರೇ ಬಾಯಲ್ಲಿ ನೀರೂರುತ್ತದೆ. ಆದರೆ ಅಂದು ಕೇಳಿದ ಮುದ್ರಣ ಯಾವ ವರ್ಷದ್ದೆಂದು ಹೇಳಲಿಲ್ಲ. ತಬಲಾ ಯಾರದು, ಹಿಂದೆ ದನಿಗೂಡಿಸಿದ ಶಿಷ್ಯರು ಯಾರು, ಅದೂ ಇಲ್ಲ. ಅಜ್ಜಿಯ ಒಡವೆಯನ್ನು ಮೊಮ್ಮಗಳ ಕೈಗೆ ಕೊಡುವಾಗ ಇದು ಇಂಥವರದ್ದು, ಇಂಥ ಕಾಲದ್ದು ಎಂದು ಹೇಳಿ ಕೊಡುತ್ತೇವೆ. ಹೇಳದೆ ಕೊಟ್ಟರೆ ಅದು ಬರೀ ಬಂಗಾರ.

ಶುಕ್ರವಾರ ನನಗೆ ಸಿಕ್ಕಿದ್ದು ಹೆಚ್ಚಾಗಿ ಚೂರುಗಳು. ನಮಗೆ ಕೇಳಿಸುವ ಒಂದು ನಿಲಯ, ಹೆಸರು ಬೇಡ, ವಾರ್ತೆಗೆ ಇನ್ನೂ ನಾಲ್ಕು ನಿಮಿಷ ಇದೆಯೆಂದರೆ ಒಂದು ಕೊಳಲೋ ಪಿಟೀಲೋ ಹಾಕಿಬಿಡುತ್ತದೆ. ರಾಗ ಯಾವುದು, ನುಡಿಸಿದವರು ಯಾರು, ಒಂದೂ ಇಲ್ಲ. ಸ್ವರ ಅರ್ಧಕ್ಕೆ ಏರಿದಾಗ ಕುಯ್ಯೆಂದು ವೇಳೆಯ ಸೂಚನೆ. ಬಾಗಿಲ ಸಂದಿಗೆ ತುರುಕುವ ಹಳೆಯ ಬಟ್ಟೆಯಂತೆ ಸಂಗೀತವನ್ನು ಬಳಸಬಾರದು. ಆ ನಾಲ್ಕು ನಿಮಿಷಕ್ಕೆ ಸರಿಹೊಂದುವ ಒಂದು ವರ್ಣವನ್ನೋ ಪದವನ್ನೋ ಪೂರ್ತಿಯಾಗಿ ನುಡಿಸಿಟ್ಟುಕೊಳ್ಳಲು ಆಗದ ಕೆಲಸವೇನಲ್ಲ.

ಶನಿವಾರ ರಾತ್ರಿಯದು ದೊಡ್ಡ ಕಚೇರಿ. ಮನೆಯವರೆಲ್ಲ ಟಿ.ವಿ. ಮುಂದೆ ಕೂತಾಗ ನಾನು ಮೊಬೈಲಿನಲ್ಲಿ ರೇಡಿಯೋ ಹಾಕಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಹಿರಿಯ ಗಾಯಕಿ, ಕೀರವಾಣಿಯಲ್ಲಿ ರಾಗ, ತಾನ, ಪಲ್ಲವಿ. ಅಂದು ಯಾರೂ ಯಾರನ್ನೂ ಅವಸರ ಮಾಡಲಿಲ್ಲ. ತನಿ ಪೂರ್ತಿ ಬಂತು. ಖಂಜಿರದವರ ಹೆಸರನ್ನೂ ಬಿಡಿಸಿ ಹೇಳಿದರು. ಹೀಗೆ ಮಾಡಲು ಬರುತ್ತದೆಂದ ಮೇಲೆ ಉಳಿದ ಆರು ದಿನ ಯಾಕೆ ಬರುವುದಿಲ್ಲ ಎಂದು ಕೇಳುವ ಹಕ್ಕು ನಮಗಿದೆ.

ಭಾನುವಾರ ನೋಟ್‌ಬುಕ್ಕನ್ನು ಮೊದಲಿನಿಂದ ತಿರುವಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಕೇಳಿದ್ದರಲ್ಲಿ ಹೆಚ್ಚಿನದೆಲ್ಲ ಬೆಳಗಿನ ರಾಗ. ಸಂಜೆಯ ಪುಟಗಳು ಖಾಲಿ. ಆ ಹೊತ್ತಿಗೆ ರೈತರ ಕಾರ್ಯಕ್ರಮ, ಪ್ರದೇಶ ಸಮಾಚಾರ, ವಾರ್ತೆ. ಅವು ಬೇಕಾದವೇ, ಬೇಡವೆನ್ನಲಾರೆ. ಆದರೆ ದೀಪ ಹಚ್ಚುವ ಹೊತ್ತಿನ ರಾಗ ಮಾರವಾ. ಪಂಚಮವೇ ಇಲ್ಲದೆ, ನಿಲ್ಲಲು ನೆಲ ಸಿಗದೆ ಅಲೆಯುವ ಆ ರಾಗವನ್ನು ಅದರ ಹೊತ್ತಿನಲ್ಲೇ ರೇಡಿಯೋದಲ್ಲಿ ಕೇಳುವ ಪುಣ್ಯ ನಮಗೆ ಅಪರೂಪ. ತೋಡಿ, ಜೌನಪುರಿ ನಮಗೆ ಒಡಹುಟ್ಟಿದವರಂತೆ. ಮಾರವಾ, ಪೂರಿಯಾ ಮದುವೆಯ ಮನೆಯಲ್ಲಷ್ಟೇ ಸಿಗುವ ದೂರದ ನೆಂಟರು. ವಾರಕ್ಕೊಂದು ಸಂಜೆ, ಅರ್ಧ ಗಂಟೆ ಕೊಟ್ಟರೂ ಸಾಕಲ್ಲವೇ?

ಇಷ್ಟೆಲ್ಲ ಕೊಂಕು ತೆಗೆಯುವಾಗ ರೇಡಿಯೋದ ಋಣವನ್ನೂ ಹೇಳಬೇಕು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ನಿಲಯ ಕಟ್ಟಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ಬಂತು. ರಾತ್ರಿ ಒಂಬತ್ತಕ್ಕೆ ಶುರುವಾಗಿ ನಡುರಾತ್ರಿಗೆ ಮುಗಿಯುವ ಕಚೇರಿಗೆ ನಮ್ಮ ಅಮ್ಮಂದಿರು ಹೋಗುವುದೆಲ್ಲಿ ಬಂತು? ಹೊಸ್ತಿಲು ದಾಟಲಾಗದವರ ಬಳಿಗೆ ಹಾಡೇ ಹೊಸ್ತಿಲು ದಾಟಿ ಬಂತು. 1952ರಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ದೆಹಲಿ, ಮದರಾಸಿನ ದೊಡ್ಡ ಕಲಾವಿದರು ಸಣ್ಣ ಊರಿನ ನಡುಮನೆಗೆ ಬಂದು ಕೂತರು. ಬಿ.ವಿ. ಕೇಸ್ಕರರು ಮಂತ್ರಿಯಾಗಿದ್ದ ಕಾಲ ಅದು. ಅವರು ಸಿನಿಮಾ ಹಾಡನ್ನು ದೂರವಿಟ್ಟರೆ, ಜನ ಮುಳ್ಳು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ತೆರೆಯಬೇಕಾಯಿತು. ಯಾವುದನ್ನೂ ಕಿವಿ ಹಿಡಿದು ಕೇಳಿಸಲಾಗದೆಂಬ ಪಾಠ ಅದು. ಹಾರ್ಮೋನಿಯಂಗೂ ಬಹಿಷ್ಕಾರವಿತ್ತು, 1940ರಿಂದ 1971ರ ತನಕ. ಹುಬ್ಬಳ್ಳಿ ಧಾರವಾಡದ ಬೈಠಕ್ಕುಗಳಲ್ಲಿ ಎಲ್ಲರೂ ಮೆಚ್ಚಿ ಕೇಳುತ್ತಿದ್ದ ವಾದ್ಯಕ್ಕೆ ನಿಲಯದ ಒಳಗೆ ಮಾತ್ರ ಪ್ರವೇಶವಿರಲಿಲ್ಲ.

ವಾದ್ಯಕ್ಕಿಂತ ನೋಯಿಸುವ ಬಹಿಷ್ಕಾರ ಇನ್ನೊಂದಿತ್ತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, ಸರ್ದಾರ್ ಪಟೇಲರು ಪ್ರಸಾರ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಯಾರ ಖಾಸಗಿ ಬದುಕಿನ ಬಗ್ಗೆ ಲೋಕಾಪವಾದ ಇದೆಯೋ ಅಂಥವರಿಗೆ ರೇಡಿಯೋದಲ್ಲಿ ಅವಕಾಶ ಬೇಡವೆಂಬ ಸೂಚನೆ ಬಂತು. ಲೋಕಾಪವಾದ ಯಾರಿಗೆ ಅಂಟುತ್ತದೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಲೆಮಾರುಗಳಿಂದ ಹಾಡನ್ನೇ ಬದುಕಾಗಿಸಿಕೊಂಡಿದ್ದ ಮನೆತನಗಳ ಗಾಯಕಿಯರಿಗೆ ಅದರ ಬಿಸಿ ತಾಗಿತು. ಮನೆಯೊಳಗಿನ ಹೆಂಗಸಿಗೆ ಸಂಗೀತ ತಂದುಕೊಟ್ಟ ಪೆಟ್ಟಿಗೆಯೇ ಆ ಸಂಗೀತವನ್ನು ಅಷ್ಟು ಕಾಲ ಕಾಪಾಡಿದ ಹೆಂಗಸಿಗೆ ಬಾಗಿಲು ಮುಚ್ಚಿತು. ಗಂಗೂಬಾಯಿ ಹಾನಗಲ್ಲರು (1913–2009) ಹುಟ್ಟಿದ್ದೂ ಹಾಡುವ ಮನೆತನದಲ್ಲೇ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಗಂಟಲಿನ ಚಿಕಿತ್ಸೆಯ ಬಳಿಕ ಗಂಗೂಬಾಯಿಯವರ ದನಿ ಗಡಸಾಯಿತು. ಆ ದನಿಯಲ್ಲೇ ನಾಡನ್ನು ಗೆದ್ದರು. ಅವರಂತೆ ಗೆದ್ದು ಉಳಿದವರು ಕೆಲವರು. ಹೆಸರೂ ಉಳಿಯದೆ ಹೋದವರು ಎಷ್ಟು ಮಂದಿಯೋ!

ಅದಕ್ಕೇ ಹೆಸರು ಹೇಳುವ ವಿಷಯವನ್ನು ನಾನು ಇಷ್ಟು ಹಟ ಹಿಡಿದು ಎತ್ತುತ್ತಿರುವುದು. ಒಬ್ಬ ಕಲಾವಿದೆಯ ಹೆಸರು ಗಾಳಿಯಲ್ಲಿ ಕೇಳಿಸಬೇಕೋ ಬೇಡವೋ ಎಂದು ಹಿಂದೊಮ್ಮೆ ತೀರ್ಮಾನ ಮಾಡಿದವರು ನಿಲಯದವರು. ಇಂದು ಅಂಥ ಸೂಚನೆ ಯಾವುದೂ ಇಲ್ಲ, ಇರುವುದು ಬರೀ ಅವಸರ. ಆದರೆ ಅವಸರದಲ್ಲಿ ನುಂಗಿದ ಹೆಸರೂ ನುಂಗಿದ ಹೆಸರೇ. ಆ ಪಿಟೀಲಿನ ಹುಡುಗಿ ಬೆಳಗಿನ ಜಾವದ ಬಸ್ಸು ಹಿಡಿದು, ಮಗುವನ್ನು ಅತ್ತೆಯ ಬಳಿ ಬಿಟ್ಟು ಬಂದು ನುಡಿಸಿರಬಹುದು. ಅವಳ ಅಮ್ಮ ಊರಿನಲ್ಲಿ ರೇಡಿಯೋದ ಮುಂದೆ ಕೂತಿರಬಹುದು. ಒಂದು ಹೆಸರನ್ನು ಬಿಡಿಸಿ ಹೇಳಲು ಐದು ಸೆಕೆಂಡು ಸಾಕು.

ಸಂಗೀತಕ್ಕೆಂದೇ ಬೇರೆ ವಾಹಿನಿಗಳು ಬಂದಿವೆಯಲ್ಲ ಎನ್ನುವವರಿದ್ದಾರೆ. ಬೆಂಗಳೂರಿನಲ್ಲಿ 2004ರಲ್ಲಿ ಅಮೃತವರ್ಷಿಣಿ ಶುರುವಾಯಿತು, ಅದರ ಎಫ್.ಎಂ. ಅಲೆ ನಮ್ಮೂರಿನ ತನಕ ಬರಲಿಲ್ಲ. 2016ರ ಗಣರಾಜ್ಯೋತ್ಸವದಂದು ಇಡೀ ದಿನ ಶಾಸ್ತ್ರೀಯ ಸಂಗೀತ ಕೊಡುವ ರಾಗಂ ವಾಹಿನಿ ಆರಂಭವಾಯಿತು. ಸಂತೋಷವೇ. ಆದರೆ ಅದನ್ನು ಹುಡುಕಿಕೊಂಡು ಹೋಗುವವರು ಆಗಲೇ ರುಚಿ ಕಂಡವರು. ವಾರ್ತೆಗೂ ಮಹಿಳಾ ಕಾರ್ಯಕ್ರಮಕ್ಕೂ ನಡುವೆ, ಕೇಳಬೇಕೆಂದು ಹೊರಡದ ಕಿವಿಗೂ ಒಂದು ಬಿಲಹರಿ ಬೀಳುವುದು ಊರಿನ ನಿಲಯದಿಂದಲೇ. ಹೊಸ ಕೇಳುಗರು ಹುಟ್ಟುವುದು ಅಲ್ಲಿ. ಅಲ್ಲಿ ಸಂಗೀತ ಚೂರಾದರೆ ಮುಂದಿನವರಿಗೆ ಸಿಗುವುದೂ ಚೂರೇ.

ಕೊನೆಗೆ ನಮ್ಮ ಪಾಲಿನ ಕೆಲಸ. ನಾವು ಕೇಳುತ್ತೇವೆ, ಮೆಚ್ಚುತ್ತೇವೆ, ಬೇಸರಪಡುತ್ತೇವೆ, ಎಲ್ಲವನ್ನೂ ಅಡುಗೆಮನೆಯಲ್ಲೇ ಮುಗಿಸುತ್ತೇವೆ. ಚಿತ್ರಗೀತೆಗೆ ಕೋರಿಕೆ ಬರೆಯುವ ಕೈ ಶಾಸ್ತ್ರೀಯ ಸಂಗೀತದ ವಿಷಯಕ್ಕೆ ಹಿಂಜರಿಯುತ್ತದೆ, ನಮಗೇನು ಗೊತ್ತು ಎನ್ನುತ್ತದೆ. ಗೊತ್ತಿರುವಷ್ಟನ್ನೇ ಬರೆಯಬಹುದು. ಮುಂದಿನ ಸಲ ಒಳ್ಳೆಯ ಹಾಡುಗಾರಿಕೆ ಕೇಳಿದ ದಿನ ನಿಲಯಕ್ಕೆ ಒಂದು ಕಾರ್ಡು ಹಾಕಿ. ದಿನಾಂಕ, ಹೊತ್ತು, ರಾಗ, ಎಲ್ಲಿ ಮನಸ್ಸು ನಿಂತಿತು, ಎಲ್ಲಿ ಕತ್ತರಿಸಿದರು, ಇಷ್ಟೇ. ಕೆಳಗೆ ಒಂದು ಸಾಲು ಸೇರಿಸಿ: ಪಿಟೀಲು ನುಡಿಸಿದವರ ಹೆಸರು ಕೇಳಿಸಲಿಲ್ಲ, ದಯವಿಟ್ಟು ತಿಳಿಸಿ.