ಸೆಸ್ನಾ 172: ವಿಹಾರಕ್ಕೆ ಹೇಳಿಮಾಡಿಸಿದ ವಿಮಾನ

ಸೆಸ್ನಾ 172 ನಾಲ್ಕು ಆಸನಗಳ, ಒಂಟಿ ಎಂಜಿನ್ನಿನ ಪುಟ್ಟ ವಿಮಾನ. 1955ರಲ್ಲಿ ಮೊದಲು ಹಾರಿದ ಈ ಮಾದರಿಯ 44,000ಕ್ಕೂ ಹೆಚ್ಚು ವಿಮಾನಗಳು ತಯಾರಾಗಿವೆ. ಬೇರಾವ ವಿಮಾನಕ್ಕೂ ಈ ಭಾಗ್ಯವಿಲ್ಲ. ಕೋಲ್ಕತ್ತದ ಬೆಹಾಲಾ, ಬೆಂಗಳೂರಿನ ಜಕ್ಕೂರಿನಂಥ ಸಣ್ಣ ನಿಲ್ದಾಣಗಳು ಇಂಥ ವಿಮಾನಗಳಿಗೆ ಸಾಕು.

ರೆಕ್ಕೆ ತಲೆಯ ಮೇಲಿರುವುದೇ ಇದರ ಸೊಗಸು. ಕಿಟಕಿಯಿಂದ ಬಗ್ಗಿ ನೋಡಿದರೆ ಕೆರೆ, ಗದ್ದೆ, ರಸ್ತೆಗಳೆಲ್ಲ ಮರೆಯಿಲ್ಲದೆ ಕಾಣುತ್ತವೆ. ಪೆಟ್ರೋಲ್ ಟ್ಯಾಂಕೂ ರೆಕ್ಕೆಯೊಳಗೇ ಇರುವುದರಿಂದ ಇಂಧನ ತನ್ನ ಭಾರಕ್ಕೇ ಎಂಜಿನ್ನಿನತ್ತ ಇಳಿಯುತ್ತದೆ. ಹಾರುವ ಮುನ್ನ ಪೈಲಟ್ ಟ್ಯಾಂಕಿನಡಿಯಿಂದ ಒಂದಿಷ್ಟು ಇಂಧನವನ್ನು ಪಾರದರ್ಶಕ ಲೋಟಕ್ಕೆ ಬಸಿದು ಬೆಳಕಿಗೆ ಹಿಡಿಯುತ್ತಾರೆ. ತಿಳಿನೀಲಿ ಬಣ್ಣವಿದ್ದರೆ ಸರಿ. ತಳದಲ್ಲಿ ನೀರಿನ ಗುಳ್ಳೆ ಕಂಡರೆ ಅದು ಹೋಗುವವರೆಗೂ ಬಸಿಯಬೇಕು.