ಕಾಣದ ಕಂಠ, ಕಂಡ ಕಳ್ಳ

ಹೊಳಲ್ಕೆರೆಯ ಮನೆಯೊಂದರಲ್ಲಿ ಮಧ್ಯಾಹ್ನದ ಊಟ ಮುಗಿದಿದೆ. ಟಿವಿಯಲ್ಲಿ ಎಂಬತ್ತರ ದಶಕದ ಸಿನಿಮಾ ಓಡುತ್ತಿದೆ. ಅಡಿಕೆ ಸುಲಿಯುತ್ತಾ ಕೂತ ಅಜ್ಜಿಯ ಕಣ್ಣು ಕೈಮೇಲೆ, ಕಿವಿ ಟಿವಿಯ ಮೇಲೆ. ಪರದೆಯಲ್ಲಿ ಮಾಧವಿ ಗದರುತ್ತಾರೆ, ಮುನಿಯುತ್ತಾರೆ, ಬಿಕ್ಕುತ್ತಾರೆ. ‘ಆಂಧ್ರದವಳಾದ್ರೂ ಎಷ್ಟು ಚೆಂದ ಮಾತಾಡ್ತಾಳೆ ನೋಡು’ ಎಂದು ಅಜ್ಜಿ ತಲೆದೂಗಿದರೆ, ಆ ಮೆಚ್ಚುಗೆಯಲ್ಲಿ ಅರ್ಧ ಪಾಲು ಗುಬ್ಬಿ ವೀರಣ್ಣನವರ ಮೊಮ್ಮಗಳಿಗೆ ಸೇರಬೇಕಾದದ್ದಿರಬಹುದು. ಮಾಧವಿ, ಅಂಬಿಕಾ, ಜಯಪ್ರದಾ, ಗಾಯತ್ರಿ, ಸುಮಲತಾ ಇವರಿಗೆಲ್ಲ ಕನ್ನಡದ ದನಿ ಕೊಟ್ಟವರಲ್ಲಿ ಬಿ. ಜಯಶ್ರೀ ಒಬ್ಬರು.

ನಗಿಸುವ ನಟಿಯ ಬಗ್ಗೆ ಬರೆಯಲು ಹೊರಟು ಡಬ್ಬಿಂಗ್ ಕೋಣೆಯ ಬಾಗಿಲು ತಟ್ಟಿದ್ದಕ್ಕೆ ಕಾರಣವಿದೆ. ಹಾಸ್ಯವೆಂದರೆ ವೇಷ ಎಂದು ನಂಬಿದವರೇ ಹೆಚ್ಚು. ಹಲ್ಲು ಮುಂದೆ ಬಂದಿರಬೇಕು, ಮೀಸೆ ಸೊಟ್ಟಗಿರಬೇಕು, ಸೀರೆ ಮೊಣಕಾಲಿಗೆ ಏರಿರಬೇಕು. ಜಯಶ್ರೀಯವರ ನಾಟಕ ನೋಡಿದವರು ಈ ಮಾತು ಒಪ್ಪುವುದಿಲ್ಲ. ಅವರ ಹಾಸ್ಯ ಇರುವುದು ಗಂಟಲಿನಲ್ಲಿ.

ಆ ಗಂಟಲು ಪಳಗಿದ್ದು ಕಂಪನಿ ನಾಟಕದ ನೆರಳಿನಲ್ಲಿ. ಜಯಶ್ರೀ ಹುಟ್ಟಿದ್ದು 1950ರಲ್ಲಿ. ತಾಯಿ ಜಿ.ವಿ. ಮಾಲತಮ್ಮ, ವೀರಣ್ಣನವರ ಮಗಳು, ಸ್ವತಃ ನಟಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯೆಂದರೆ ಜನ ಇವತ್ತಿಗೂ ‘ಕುರುಕ್ಷೇತ್ರ’ದಲ್ಲಿ ರಂಗಕ್ಕೆ ಬಂದ ನಿಜವಾದ ಆನೆ, ಕುದುರೆಗಳ ಮಾತಾಡುತ್ತಾರೆ. ಆದರೆ ವೀರಣ್ಣನವರು ದೊಡ್ಡವರಾದದ್ದು ಆನೆಯಿಂದಲ್ಲ, ಹಾಸ್ಯದಿಂದ. ಮೈಕಿಲ್ಲದ ಕಾಲದಲ್ಲಿ ಕಂಪನಿ ನಟನ ಮಾತು ಮುಂದಿನ ಕುರ್ಚಿಯ ಸಾಹುಕಾರರಿಗೆ ಕೇಳಿದರೆ ಸಾಲುತ್ತಿರಲಿಲ್ಲ. ಹಿಂದೆ ಚಾಪೆ ಹಾಸಿಕೊಂಡು ಕೂತವನಿಗೂ ಮುಟ್ಟಬೇಕಿತ್ತು, ಅದೂ ಮಗು ಅಳುವಾಗ, ಕಡಲೆಕಾಯಿ ಸಿಪ್ಪೆ ಸಿಡಿಯುವಾಗ. ಕೂಗಿದರೆ ಹಾಸ್ಯ ಸಾಯುತ್ತದೆ, ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ. ಇವೆರಡರ ನಡುವೆ ಒಂದು ದಾರಿಯಿದೆ. ಅದನ್ನು ಹೊಟ್ಟೆಯಿಂದ ಉಸಿರೆತ್ತುವವರು ಮಾತ್ರ ಬಲ್ಲರು.

ಮನೆಯ ವಿದ್ಯೆ ಸಾಲದೆಂದು ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಇಬ್ರಾಹಿಂ ಅಲ್ಕಾಜಿಯವರ ಶಿಸ್ತಿನ ಕಾಲ ಅದು. 1973ರಲ್ಲಿ ಪದವಿ ಪಡೆದು ಮರಳಿದರು. 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದರು. ‘ಲಕ್ಷಾಪತಿ ರಾಜನ ಕಥೆ’, ಚಂದ್ರಶೇಖರ ಕಂಬಾರರ ಕಾದಂಬರಿಯಿಂದ ಹುಟ್ಟಿದ ‘ಕರಿಮಾಯಿ’ ಆ ತಂಡದ ಹೆಸರಾದ ಪ್ರಯೋಗಗಳು. ಕಂಪನಿಯ ಮಟ್ಟು, ಜನಪದದ ಕುಣಿತ, ದೆಹಲಿಯ ವ್ಯಾಕರಣ ಮೂರೂ ಒಂದೇ ಒರಳಿಗೆ ಬಿದ್ದವು.

ಈಗ ಕಳ್ಳನ ವಿಷಯ. ಬೆಳ್ಳಾವೆ ನರಹರಿಶಾಸ್ತ್ರಿಗಳು ಬರೆದ ‘ಸದಾರಮೆ’ ಗುಬ್ಬಿ ಕಂಪನಿಯ ಅನ್ನದ ಬಟ್ಟಲು. 1935ರಲ್ಲಿ ಅದು ಸಿನಿಮಾ ಕೂಡ ಆಯಿತು. ನಾಟಕದಲ್ಲಿ ಕಳ್ಳನೊಬ್ಬ ಸದಾರಮೆಯನ್ನು ಹೊತ್ತೊಯ್ಯುತ್ತಾನೆ. ಅವಳನ್ನು ಒಲಿಸಿಕೊಂಡೆನೆಂದು ಬೀಗುತ್ತಾನೆ, ಕೊನೆಗೆ ಅವಳ ಸಿಹಿಮಾತಿಗೇ ಬೇಸ್ತು ಬೀಳುತ್ತಾನೆ. ಅಜ್ಜ ಮೆರೆಸಿದ ಈ ಕಳ್ಳನ ವೇಷವನ್ನು ಮೊಮ್ಮಗಳು ತೊಟ್ಟರು. ಗಂಡಸರು ಸೀರೆ ಉಟ್ಟು ರಂಗಕ್ಕೆ ಬರುತ್ತಿದ್ದ ಪರಂಪರೆಯಲ್ಲಿ ಇದು ಒಳ್ಳೆಯ ಮುಯ್ಯಿ! ಕಳ್ಳನ ತಮಾಷೆ ಎಲ್ಲಿದೆ ಎಂದರೆ, ಅವನು ಹೆದರಿಸಲು ಬಂದವನು, ಆದರೆ ಮಾತಿನ ಮಧ್ಯೆಯೇ ಕರಗಿಹೋಗುವವನು. ವಾಕ್ಯ ಗುಡುಗಿನಂತೆ ಶುರುವಾಗಿ ಬೆಣ್ಣೆಯಂತೆ ಮುಗಿಯಬೇಕು. ತೆಳು ದನಿಯವರು ಇದನ್ನು ಮಾಡಿದರೆ ಕಳ್ಳ ಮೊದಲೇ ಸೋತವನಂತೆ ಕಾಣುತ್ತಾನೆ. ಜಯಶ್ರೀಯವರ ದಪ್ಪ, ತುಸು ಒರಟು ಕಂಠಕ್ಕೆ ಬೀಳಲು ಬೇಕಾದಷ್ಟು ಎತ್ತರವಿದೆ. ನಗು ಹುಟ್ಟುವುದು ಆ ಬೀಳುವಿಕೆಯಲ್ಲಿ.

ಸಿನಿಮಾದಲ್ಲಿ ಅವರ ಮುಖವೂ ದನಿಯೂ ಜೊತೆಯಾಗಿ ಸಿಗುವ ಒಳ್ಳೆಯ ಜಾಗ ಟಿ.ಎಸ್. ನಾಗಾಭರಣರ ‘ನಾಗಮಂಡಲ’ (1997). ಗಿರೀಶ ಕಾರ್ನಾಡರ ನಾಟಕದಿಂದ ಬಂದ ಈ ಚಿತ್ರದಲ್ಲಿ ಅವರು ಕುರುಡವ್ವ, ಮಂಡ್ಯ ರಮೇಶ್ ಮಗ ಕಪ್ಪಣ್ಣ. ಕಣ್ಣಿಲ್ಲದ ಮುದುಕಿಗೆ ಲೋಕವೆಲ್ಲ ಕಿವಿಯೇ. ನಟಿಯರ ದೊಡ್ಡ ಬಂಡವಾಳವಾದ ನೋಟ ಇಲ್ಲಿ ಕೆಲಸಕ್ಕೆ ಬಾರದು. ಮಗನನ್ನು ಗದರುವ ದನಿ ಒಂದು, ಒಂಟಿ ಹುಡುಗಿ ರಾಣಿಯನ್ನು ಕಿಟಕಿಯಾಚೆಯಿಂದ ಸಂತೈಸುವ ದನಿ ಇನ್ನೊಂದು. ನಗೆಯೂ ಮರುಕವೂ ಒಂದೇ ಬಾಯಿಂದ ಬರುತ್ತವೆ.

ಡಬ್ಬಿಂಗಿನ ಕಷ್ಟ ಇದಕ್ಕಿಂತ ಬೇರೆ. ಆಗಿನ ಪದ್ಧತಿಯಲ್ಲಿ ಚಿತ್ರದ ಒಂದೊಂದು ತುಂಡನ್ನು ಪರದೆಯ ಮೇಲೆ ಮತ್ತೆ ಮತ್ತೆ ಓಡಿಸುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಕಲಾವಿದೆ ನಾಯಕಿಯ ತುಟಿಯನ್ನೇ ದಿಟ್ಟಿಸುತ್ತಾ ಮಾತು ಕೂರಿಸಬೇಕು. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ಪರದೆಯಲ್ಲಿ ಬಾಯಿ ತೆರೆದಿರುವಾಗ ‘ಮಾವ’ ಎಂದರೆ ಹಿಂದಿನ ಬೆಂಚಿನವನಿಗೂ ಏನೋ ಎಡವಟ್ಟಾಯಿತೆಂದು ತಿಳಿಯುತ್ತದೆ. ಹಾಗೆಂದು ಮಾವನನ್ನು ಅತ್ತೆ ಮಾಡಲಾದೀತೇ? ಪದವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು, ‘ಬರ್ತೀನಿ’ಯನ್ನು ‘ಬರುತ್ತೇನೆ’ಗೆ ಹಿಗ್ಗಿಸಬೇಕು. ಜೊತೆಗೆ ರಂಗದ ಎದೆದನಿಯನ್ನು ಒಳಗೆ ಮಡಚಿಟ್ಟು ಇಪ್ಪತ್ತರ ಹುಡುಗಿಯಂತೆ ಉಸಿರಾಡಬೇಕು. ಇಷ್ಟು ಮಾಡಿದವರ ಹೆಸರು ಪೋಸ್ಟರಿನಲ್ಲಿ ಇರುವುದಿಲ್ಲ. ಈ ಅಂಕಣಕ್ಕೆ ಹಳೆಯ ತಕರಾರೊಂದಿದ್ದರೆ ಅದು ಇದೇ.

ಹೆಣ್ಣು ನಗಿಸುವುದು ದುರ್ಗದ ಸೀಮೆಗೆ ಹೊಸದೇನಲ್ಲ. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯ ಊರೇ. ಅಲ್ಲಿನ ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ ‘ಹಳ್ಳಿ ಹುಡುಗಿ’ಯಾಗಿ ಊರೂರಿನ ಕ್ಯಾಂಪುಗಳಲ್ಲಿ ಮೆರೆದವರು. ಪಕ್ಕದ ಸೀಮೆಯ ನೊಣವಿನಕೆರೆಯ ಉಮಾಶ್ರೀ ಸಿನಿಮಾದ ಎರಡರ್ಥದ ಮಾತುಗಳ ನಡುವೆ ಸಿಕ್ಕಿಕೊಂಡಿದ್ದಾಗಲೇ ‘ಒಡಲಾಳ’ದ ಸಾಕವ್ವನಾಗಿ ರಂಗದ ಮೇಲೆ ಬೇರೆಯೇ ಹೆಂಗಸಾಗುತ್ತಿದ್ದರು. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ ಎಲ್ಲರೂ ಹೌದೆಂದರು. ಸಾಕವ್ವನನ್ನು ನೋಡಿದವರಿಗೆ ಅದು ಹಳೆಯ ಸುದ್ದಿ.

ನಾಟಕವನ್ನು ಕಿವಿಯಿಂದ ಸವಿಯಬೇಕೆನ್ನುವವರಿಗೆ ಜಿಲ್ಲೆಯಲ್ಲೇ ಒಂದು ಪಾಠಶಾಲೆಯಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ ಆರಂಭಿಸಿದ ಶಿವಸಂಚಾರ ಪ್ರತಿವರ್ಷ ಹೊಸ ನಾಟಕಗಳನ್ನು ಹೊತ್ತು ನಾಡು ಸುತ್ತುತ್ತದೆ. ನವೆಂಬರಿನ ನಾಟಕೋತ್ಸವಕ್ಕೆ ಹೋದರೆ ಗ್ರೀಕ್ ಮಾದರಿಯ ಬಯಲು ರಂಗಮಂದಿರದ ಮೇಲಿನ ಮೆಟ್ಟಿಲಲ್ಲೇ ಕೂರಬೇಕು. ಚಳಿಗೆ ಒಂದು ಶಾಲು ಇರಲಿ. ಯಾವ ನಟಿಯ ಪಿಸುಮಾತು ಅಲ್ಲಿಯವರೆಗೆ ಏರಿಬರುತ್ತದೆ, ಯಾರದು ನಡುವೆಯೇ ಉದುರುತ್ತದೆ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ರಶಸ್ತಿಗಳನ್ನು ಬೇಗ ಮುಗಿಸೋಣ. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರಲ್ಲಿ ಪದ್ಮಶ್ರೀ. ಅಜ್ಜನಿಗೆ ಅದೇ ಪದ್ಮಶ್ರೀ ಬಂದದ್ದು 1972ರಲ್ಲಿ, ಅವರು ತೀರಿಕೊಂಡ ವರ್ಷ.

ಆದರೆ ಜಯಶ್ರೀ ಯಾರೆಂದು ಹಿರಿಯೂರಿನ ಲಾರಿ ಡ್ರೈವರಿಗೆ ತಿಳಿಸಲು ಪದ್ಮಶ್ರೀ ಬೇಕಾಗಿಲ್ಲ. 2001ರ ‘ನನ್ನ ಪ್ರೀತಿಯ ಹುಡುಗಿ’ಯ ಕಾರಿನ ಹಾಡು ಎಂದರೆ ಸಾಕು. ಅಮೆರಿಕದ ರಸ್ತೆಯ ಕಾರುಗಳನ್ನು ಕಂಡು ಬೆರಗಾಗುವ ಮನೋಮೂರ್ತಿಯವರ ಆ ಹಾಡಿಗೆ ಬೇಕಾದದ್ದು ಹೀಗೆ ಬಾಯಿಬಿಟ್ಟು ನೋಡುವ ಹಳ್ಳಿಯ ಗಂಟಲು, ಅದನ್ನು ಕೊಟ್ಟವರು ಕಳ್ಳನ ವೇಷದ ಈ ಹೆಂಗಸು. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರನ್ನು ಹಾದು ದುರ್ಗದ ಕಡೆ ತಿರುಗುತ್ತದೆ. ರಸ್ತೆಬದಿ ಚಹಾದಂಗಡಿಯ ಸ್ಪೀಕರಿನಲ್ಲಿ ಆ ಹಾಡು ಬಂದಾಗ, ಲೋಟ ತೊಳೆಯುವ ಹುಡುಗ ಕೈ ನಿಲ್ಲಿಸಿ ಹೆದ್ದಾರಿಯತ್ತ ಒಮ್ಮೆ ನೋಡುತ್ತಾನೆ, ಆಮೇಲೆ ಮುಂದಿನ ಲೋಟ ಎತ್ತಿಕೊಳ್ಳುತ್ತಾನೆ.